ಪದೇಪದೇ ಬರುತ್ತಿದ್ದ ಉರಿಮೂತ್ರ, ಕ್ರ್ಯಾನ್‌ಬೆರಿ ಮತ್ತು ನನ್ನ ಅನುಭವ

ಮೂತ್ರದ ಸೋಂಕು ಪದೇಪದೇ ಬರುವವರಿಗೆ ಯಾರಾದರೂ ಒಬ್ಬರು ಕ್ರ್ಯಾನ್‌ಬೆರಿ ಅನ್ನುವ ಹುಳಿ ಹಣ್ಣಿನ ಹೆಸರು ಹೇಳಿಯೇ ಹೇಳಿರುತ್ತಾರೆ. ನನಗೂ ಹೇಳಿದರು. ಡಾಕ್ಟರ್ ಹತ್ತಿರ ಮಾತಾಡಿ, ಒಂದಷ್ಟು ಓದಿಕೊಂಡು, ಹಲವು ತಿಂಗಳು ಬಿಡದೆ ತೆಗೆದುಕೊಂಡೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸೋಂಕು ಮತ್ತೆ ಬರದ ಹಾಗೆ ಅದು ಸ್ವಲ್ಪ ಮಟ್ಟಿಗೆ ತಡೆಯಬಹುದು. ಆದರೆ ಬಂದು ಕೂತಿರುವ ಸೋಂಕನ್ನು ಅದು ಗುಣ ಮಾಡುವುದಿಲ್ಲ. ಈ ಎರಡೂ ಬೇರೆ ಬೇರೆ ಅಂತ ಗೊತ್ತಿಲ್ಲದೆ, ಉರಿ ಶುರುವಾದ ಮೇಲೆ ಜ್ಯೂಸ್ ಕುಡಿಯುತ್ತಾ ಇವತ್ತು ಹೋಗಬಹುದು ನಾಳೆ ಹೋಗಬಹುದು ಅಂತ ಕಾಯುವವರನ್ನು ನೋಡಿದಾಗ ನನಗೆ ನಿಜಕ್ಕೂ ಭಯವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಉರಿಮೂತ್ರದ ಕಷ್ಟ ಅನುಭವಿಸಿದವರಿಗೇ ಗೊತ್ತು. ಮೂತ್ರ ಹೋಗುವಾಗ ಚುಚ್ಚಿದ ಹಾಗೆ ಉರಿ. ಹೋಗಿ ಬಂದು ಕೂತರೆ ಆಗಲೇ ಮತ್ತೆ ಅವಸರ, ಓಡಿ ಹೋದರೆ ಬರುವುದು ನಾಲ್ಕು ಹನಿ. ಕಿಬ್ಬೊಟ್ಟೆಯಲ್ಲಿ ಒಂಥರಾ ಭಾರ, ಕೆಲವೊಮ್ಮೆ ಮೂತ್ರದಲ್ಲಿ ರಕ್ತದ ಬಣ್ಣ. ರಾತ್ರಿ ನಿದ್ದೆ ಇರುವುದಿಲ್ಲ, ಹಗಲು ಎಲ್ಲಿಗೆ ಹೋದರೂ ಮೊದಲು ಕಣ್ಣು ಹುಡುಕುವುದು ಟಾಯ್ಲೆಟ್ ಎಲ್ಲಿದೆ ಅಂತ. ಯಾರ ಹತ್ತಿರವೂ ಸುಲಭವಾಗಿ ಹೇಳಿಕೊಳ್ಳುವ ಕಾಯಿಲೆಯೂ ಅಲ್ಲ. ಜ್ವರ ಬಂದಿದೆ ಅಂದರೆ ರಜೆ ಕೊಡುತ್ತಾರೆ, ಇದನ್ನು ಏನಂತ ಹೇಳುವುದು?

ಮೊದಲ ಸಲ ಬಂದಾಗ ಡಾಕ್ಟರ್ ಯೂರಿನ್ ಟೆಸ್ಟ್ ಬರೆದುಕೊಟ್ಟರು. ಒಂದು ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಟೆಸ್ಟ್ ಒಂದು. ಅದರಲ್ಲಿ ನೈಟ್ರೈಟ್ (ಕೆಲವು ಬ್ಯಾಕ್ಟೀರಿಯಾ ಇದ್ದಾಗ ಮೂತ್ರದಲ್ಲಿ ಕಾಣುವ ವಸ್ತು) ಇದೆಯಾ, ಬಿಳಿ ರಕ್ತಕಣಗಳ ಗುರುತು ಇದೆಯಾ ಅಂತ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ಕಲ್ಚರ್. ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದು ಯಾವುದು, ಯಾವ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ ಅಂತ ನೋಡುತ್ತಾರೆ. ಇದರ ರಿಪೋರ್ಟ್ ಬರಲು ಒಂದೆರಡು ದಿನ ಬೇಕು. ಸ್ಯಾಂಪಲ್ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಮೊದಲು ತೊಳೆದುಕೊಂಡು, ಮೂತ್ರದ ಮೊದಲ ಭಾಗವನ್ನು ಬಿಟ್ಟು, ಮಧ್ಯದ್ದನ್ನು ಮಾತ್ರ ಡಬ್ಬಿಗೆ ಹಿಡಿಯಬೇಕು. ಹಿಡಿದ ಮೇಲೆ ಲ್ಯಾಬಿಗೆ ಬೇಗ ತಲುಪಿಸಬೇಕು. ಗಂಟೆಗಟ್ಟಲೆ ಹೊರಗೆ ಇಟ್ಟರೆ ಡಬ್ಬಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ರಿಪೋರ್ಟ್ ತಪ್ಪಾಗುತ್ತದೆ. ನನ್ನ ರಿಪೋರ್ಟ್‌ನಲ್ಲಿ ಇ. ಕೋಲಿ ಅಂತ ಬಂತು. ಮೂತ್ರದ ಸೋಂಕುಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ. ನಮ್ಮ ಕರುಳಿನಲ್ಲಿ ಇರುವ ಬ್ಯಾಕ್ಟೀರಿಯಾ ಇದು, ಅಲ್ಲಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮೂತ್ರನಾಳದೊಳಗೆ ಹತ್ತಿದರೆ ಕಷ್ಟ. ಹೆಂಗಸರಲ್ಲಿ ಆ ನಾಳ ಹೆಚ್ಚುಕಡಿಮೆ 4 ಸೆಂಟಿಮೀಟರ್ ಅಷ್ಟೇ ಉದ್ದ. ಹಾಗಾಗಿ ಅದು ಮೂತ್ರಕೋಶ ತಲುಪುವುದು ಸುಲಭ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಕೊಳಕಾಗಿ ಇರುವವರಿಗೆ ಮಾತ್ರ ಬರುತ್ತದೆ ಅನ್ನುವುದು ಸುಳ್ಳು.

ನೈಟ್ರೊಫ್ಯುರಾಂಟೊಯಿನ್ ಅನ್ನುವ ಮಾತ್ರೆ 5 ದಿನಕ್ಕೆ ಕೊಟ್ಟರು. ಊಟದ ಜೊತೆ ತೆಗೆದುಕೊಳ್ಳಿ, ಮೂತ್ರ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಬಹುದು, ಹೆದರಬೇಡಿ ಅಂದಿದ್ದರು. ಹಾಗೇ ಆಯಿತು. ಎರಡನೇ ದಿನಕ್ಕೇ ಉರಿ ಇಳಿಯಿತು. ಆದರೂ ಕೋರ್ಸ್ ಪೂರ್ತಿ ಮುಗಿಸಿದೆ.

ಆಮೇಲೆ ಮತ್ತೆ ಬಂತು. ಔಷಧ ತೆಗೆದುಕೊಂಡೆ, ಹೋಯಿತು. ಮತ್ತೆ ಬಂತು. ಆರು ತಿಂಗಳಲ್ಲಿ ಎರಡು ಸಲ ಅಥವಾ ಒಂದು ವರ್ಷದಲ್ಲಿ ಮೂರು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಅಂತ ಡಾಕ್ಟರ್‌ಗಳು ಲೆಕ್ಕ ಹಾಕುತ್ತಾರೆ. ನಾನು ಆ ಲೆಕ್ಕ ದಾಟಿದ್ದೆ. ಸ್ಕ್ಯಾನ್ ಮಾಡಿಸಿದರು. ಕಲ್ಲು ಇಲ್ಲ, ಮೂತ್ರಕೋಶ ಪೂರ್ತಿ ಖಾಲಿಯಾಗುತ್ತಿದೆ, ಸಕ್ಕರೆ ಕಾಯಿಲೆ ಇಲ್ಲ. ಅಂದರೆ ಹುಡುಕಿ ಸರಿಪಡಿಸುವಂಥ ಕಾರಣ ಯಾವುದೂ ಸಿಗಲಿಲ್ಲ.

ಆವತ್ತು ಡಾಕ್ಟರ್ ಸಮಾಧಾನವಾಗಿ ಕೂತು ಮಾತಾಡಿದರು. ಬಂದಾಗೆಲ್ಲ ಔಷಧ ಕೊಡುವುದು ಒಂದು, ಬರದ ಹಾಗೆ ನೋಡಿಕೊಳ್ಳುವುದು ಇನ್ನೊಂದು, ಇನ್ನು ಎರಡನೆಯದರ ಬಗ್ಗೆ ಯೋಚನೆ ಮಾಡೋಣ ಅಂದರು. ದಿನಾ ಕಡಿಮೆ ಡೋಸ್‌ನಲ್ಲಿ ಆಂಟಿಬಯೋಟಿಕ್ ತೆಗೆದುಕೊಳ್ಳುವ ದಾರಿ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತಾಗುವ ಅಪಾಯವೂ ಇದೆ ಅಂದರು. ಮೆಥನಮೈನ್ ಅನ್ನುವ, ಆಂಟಿಬಯೋಟಿಕ್ ಅಲ್ಲದ ಮಾತ್ರೆಯ ಬಗ್ಗೆಯೂ ಹೇಳಿದರು.

"ಕ್ರ್ಯಾನ್‌ಬೆರಿ ಹೇಗೆ ಡಾಕ್ಟ್ರೇ? ಎಲ್ಲರೂ ಅದನ್ನೇ ಹೇಳುತ್ತಾರೆ" ಅಂತ ಕೇಳಿದೆ.

"ತೆಗೆದುಕೊಳ್ಳಿ, ನಿಮ್ಮ ವಿಷಯದಲ್ಲಿ ನನ್ನ ಅಭ್ಯಂತರ ಏನಿಲ್ಲ. ಆದರೆ ಮೂರು ಮಾತು ನೆನಪಿಡಿ. ಸೋಂಕು ಇಲ್ಲದಿರುವಾಗ ದಿನಾ ತೆಗೆದುಕೊಂಡರೆ ಮಾತ್ರ ಅದಕ್ಕೆ ಅರ್ಥ. ಅದರಲ್ಲಿ ಕೆಲಸ ಮಾಡುವ ಅಂಶ ಎಷ್ಟಿದೆ ಅಂತ ನೋಡಿ ಕೊಳ್ಳಿ. ಉರಿ ಶುರುವಾದರೆ ಅದನ್ನು ನಂಬಿ ಕೂರಬೇಡಿ, ನನ್ನ ಹತ್ತಿರ ಬನ್ನಿ" ಅಂದರು.

ಅದು ಹೇಗೆ ಕೆಲಸ ಮಾಡುತ್ತದೆ ಅಂತ ಅವರೇ ಒಂದು ಚೀಟಿಯ ಮೇಲೆ ಚಿತ್ರ ಬರೆದು ತೋರಿಸಿದರು. ಇ. ಕೋಲಿಯ ಮೈಮೇಲೆ ತೆಳುವಾದ ಕೂದಲಿನಂಥ ಎಳೆಗಳಿರುತ್ತವೆ. ಮುಳ್ಳುಬೀಜ ಬಟ್ಟೆಗೆ ಕಚ್ಚಿಕೊಳ್ಳುವ ಹಾಗೆ ಆ ಎಳೆಗಳಿಂದ ಅದು ಮೂತ್ರಕೋಶದ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಮಾತ್ರ ಅದು ಅಲ್ಲಿ ನಿಂತು ಬೆಳೆಯಬಹುದು, ಇಲ್ಲದಿದ್ದರೆ ಮೂತ್ರದ ಜೊತೆ ಹೊರಗೆ ಹೋಗುತ್ತದೆ. ಕ್ರ್ಯಾನ್‌ಬೆರಿಯಲ್ಲಿ ಪ್ರೊಆಂಥೊಸಯನಿಡಿನ್ ಅನ್ನುವ ಅಂಶವಿದೆ, ಚಿಕ್ಕದಾಗಿ ಪಿಎಸಿ ಅನ್ನುತ್ತಾರೆ. ಈ ಅಂಶ ಬೇರೆ ಎಷ್ಟೋ ಹಣ್ಣುಗಳಲ್ಲೂ ಇದೆ, ಆದರೆ ಕ್ರ್ಯಾನ್‌ಬೆರಿಯದು ಎ ಮಾದರಿಯದು, ಅದರ ಅಣುಗಳ ಜೋಡಣೆ ಬೇರೆ. ಬ್ಯಾಕ್ಟೀರಿಯಾ ಗೋಡೆಗೆ ಅಂಟುವುದನ್ನು ಅದು ಕಡಿಮೆ ಮಾಡುತ್ತದೆ. ಗಮನಿಸಬೇಕಾದ್ದು ಇಷ್ಟೇ: ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಆಗಲೇ ಗೋಡೆ ಹಿಡಿದು ಲಕ್ಷಗಟ್ಟಲೆ ಬೆಳೆದಿದ್ದರೆ ಅಂಟುವುದನ್ನು ತಡೆದು ಏನು ಪ್ರಯೋಜನ? ಬಂದಿರುವ ಸೋಂಕಿಗೆ ಇದು ಯಾಕೆ ಔಷಧವಲ್ಲ ಅನ್ನುವುದು ನನಗೆ ಅಲ್ಲೇ ಸ್ಪಷ್ಟವಾಯಿತು.

ಮನೆಗೆ ಬಂದ ಮೇಲೆ ಇದರ ಬಗ್ಗೆ ತುಂಬಾ ಓದಿದೆ. ದೇಹಕ್ಕೆ ದಿನಾ ಹಾಕುವ ವಸ್ತು, ಸುಮ್ನೆ ಯಾರೋ ಹೇಳಿದರು ಅಂತ ನುಂಗುವುದು ನನಗೆ ಇಷ್ಟವಿಲ್ಲ. ಕ್ರ್ಯಾನ್‌ಬೆರಿ ಉತ್ತರ ಅಮೆರಿಕದ ಹಣ್ಣು, ಅಲ್ಲಿನ ಮೂಲನಿವಾಸಿಗಳು ಬಹಳ ಹಿಂದಿನಿಂದ ಬಳಸುತ್ತಿದ್ದರು. ಇಪ್ಪತ್ತನೇ ಶತಮಾನದ ಬಹುಪಾಲು, ಹಣ್ಣು ಹುಳಿ ಇರುವುದರಿಂದ ಮೂತ್ರವೂ ಆಮ್ಲೀಯವಾಗಿ ಬ್ಯಾಕ್ಟೀರಿಯಾ ಸಾಯುತ್ತದೆ ಅಂತ ನಂಬಿದ್ದರು. ಈಗಲೂ ಕೆಲವರು ಹಾಗೇ ಹೇಳುತ್ತಾರೆ. ಅದು ನಿಲ್ಲಲಿಲ್ಲ, ಯಾಕೆಂದರೆ ಸಾಮಾನ್ಯವಾಗಿ ಕುಡಿಯುವ ಪ್ರಮಾಣದಲ್ಲಿ ಮೂತ್ರ ಅಷ್ಟು ಆಮ್ಲೀಯ ಆಗುವುದೇ ಇಲ್ಲ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಜ್ಯೂಸ್ ಇದ್ದಾಗ ಇ. ಕೋಲಿ ಜೀವಕೋಶಗಳಿಗೆ ಅಂಟುವುದು ಕಡಿಮೆಯಾಗುತ್ತದೆ ಅಂತ ತೋರಿಸಿತು. ಅಲ್ಲಿಂದ ಯೋಚನೆಯ ದಿಕ್ಕೇ ಬದಲಾಯಿತು. 1994ರಲ್ಲಿ ವಯಸ್ಸಾದ 153 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ, ದಿನಾ 300 ಮಿಲಿಲೀಟರ್ ಕ್ರ್ಯಾನ್‌ಬೆರಿ ಪಾನೀಯ ಕುಡಿದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಮತ್ತು ಕೀವುಕಣ ಒಟ್ಟಿಗೆ ಕಾಣಿಸುವುದು ಕಡಿಮೆಯಾಗಿತ್ತು.

ಆಮೇಲಿನ ಕಥೆ ಅಷ್ಟು ನೇರವಾಗಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಅನ್ನುವ ಸಂಸ್ಥೆ ಇದೆ. 2012ರಲ್ಲಿ ಅವರು 24 ಅಧ್ಯಯನ ನೋಡಿ, ಅಂದುಕೊಂಡಷ್ಟು ಪ್ರಯೋಜನ ಕಾಣುತ್ತಿಲ್ಲ, ಜ್ಯೂಸ್ ಕುಡಿಯಿರಿ ಅಂತ ಶಿಫಾರಸು ಮಾಡಲು ಆಗುವುದಿಲ್ಲ ಅಂದರು. 2023ರಲ್ಲಿ ಅದೇ ಸಂಸ್ಥೆ 50 ಅಧ್ಯಯನ, 8,857 ಜನರ ಮಾಹಿತಿ ಇಟ್ಟುಕೊಂಡು ಮತ್ತೆ ನೋಡಿತು, ಈ ಸಲ ತೀರ್ಮಾನ ಬೇರೆಯಾಯಿತು. ಪದೇಪದೇ ಸೋಂಕು ಬರುವ ಹೆಂಗಸರಲ್ಲಿ ಮತ್ತೆ ಬರುವ ಸಾಧ್ಯತೆ ಸುಮಾರು 26 ಶೇಕಡಾ ಕಡಿಮೆ. ಮಕ್ಕಳಲ್ಲಿ ಈ ಇಳಿಕೆ ಇನ್ನೂ ಹೆಚ್ಚು, ಅರ್ಧಕ್ಕಿಂತ ಸ್ವಲ್ಪ ಮೇಲೆ. ಕೆಲವು ಚಿಕಿತ್ಸೆಗಳಿಂದಾಗಿ ಸೋಂಕಿಗೆ ಸುಲಭವಾಗಿ ತುತ್ತಾಗುವವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಆರೈಕೆ ಕೇಂದ್ರಗಳಲ್ಲಿರುವ ವೃದ್ಧರಲ್ಲಿ, ಗರ್ಭಿಣಿಯರಲ್ಲಿ, ಮೂತ್ರಕೋಶ ಪೂರ್ತಿ ಖಾಲಿಯಾಗದ ತೊಂದರೆ ಇರುವವರಲ್ಲಿ ಪ್ರಯೋಜನ ಕಾಣಲಿಲ್ಲ.

ಈ 26 ಶೇಕಡಾ ಅನ್ನುವುದನ್ನು ನಾನು ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. ಹೆಚ್ಚುಕಡಿಮೆ ಕಾಲು ಭಾಗ. ವರ್ಷಕ್ಕೆ ನಾಲ್ಕು ಸಲ ಬರುವವರಿಗೆ ಸರಾಸರಿಯಲ್ಲಿ ಒಂದು ಸಲ ಕಡಿಮೆಯಾಗಬಹುದು ಅಂತ ಅಂದುಕೊಂಡೆ, ಪೂರ್ತಿ ನಿಲ್ಲುತ್ತದೆ ಅಂತ ಅಲ್ಲ. ಈ ಕಾಯಿಲೆ ಇಲ್ಲದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಒಂದು ಸಲದ ನರಳಾಟ ತಪ್ಪಿದರೂ, ಒಂದು ಕೋರ್ಸ್ ಆಂಟಿಬಯೋಟಿಕ್ ತಪ್ಪಿದರೂ ನನಗೆ ಅದು ದೊಡ್ಡದೇ.

ಆಂಟಿಬಯೋಟಿಕ್ ಜೊತೆ ಹೋಲಿಸಿ ನೋಡಿದ ಅಧ್ಯಯನವೂ ಇದೆ. ನೆದರ್ಲೆಂಡ್ಸ್‌ನಲ್ಲಿ ಮಾಡಿದ್ದು, 2011ರಲ್ಲಿ ಬಂತು. ಒಂದು ಗುಂಪಿಗೆ ವರ್ಷವಿಡೀ ಕಡಿಮೆ ಡೋಸ್ ಆಂಟಿಬಯೋಟಿಕ್, ಇನ್ನೊಂದಕ್ಕೆ 500 ಮಿಲಿಗ್ರಾಂ ಕ್ರ್ಯಾನ್‌ಬೆರಿ ದಿನಕ್ಕೆ ಎರಡು ಸಲ. ಆಂಟಿಬಯೋಟಿಕ್ ಗುಂಪಿನಲ್ಲಿ ವರ್ಷಕ್ಕೆ ಸರಾಸರಿ 1.8 ಸಲ ಸೋಂಕು ಬಂದರೆ ಕ್ರ್ಯಾನ್‌ಬೆರಿ ಗುಂಪಿನಲ್ಲಿ 4 ಸಲ. ಅಂದರೆ ತಡೆಯುವುದರಲ್ಲಿ ಆಂಟಿಬಯೋಟಿಕ್ಕೇ ಮುಂದೆ, ಇದರಲ್ಲಿ ಅನುಮಾನವಿಲ್ಲ. ಆದರೆ ಒಂದೇ ತಿಂಗಳಲ್ಲಿ ಆಂಟಿಬಯೋಟಿಕ್ ಗುಂಪಿನವರ ಕರುಳಿನ ಇ. ಕೋಲಿಗಳಲ್ಲಿ 86 ಶೇಕಡಾ ಆ ಔಷಧಕ್ಕೆ ಬಗ್ಗದಂತಾಗಿದ್ದವು, ಕ್ರ್ಯಾನ್‌ಬೆರಿ ಗುಂಪಿನಲ್ಲಿ ಅದು ಸುಮಾರು 24 ಶೇಕಡಾ ಮಾತ್ರ. ಇದನ್ನು ಓದಿದ ಮೇಲೆ ಮೊದಲು ಕ್ರ್ಯಾನ್‌ಬೆರಿಯನ್ನೇ ನೋಡೋಣ, ಆಗದಿದ್ದರೆ ಮುಂದಿನದು ಅಂತ ನಿರ್ಧಾರ ಮಾಡಿದೆ. ಡಾಕ್ಟರ್ ಕೂಡ ಒಪ್ಪಿದರು.

ಇನ್ನು ಕೊಳ್ಳುವುದು. ಇಲ್ಲಿ ತುಂಬಾ ತಾಳ್ಮೆ ಬೇಕು.

ಜ್ಯೂಸ್, ಕ್ಯಾಪ್ಸೂಲ್, ಪುಡಿ, ಒಣಗಿಸಿದ ಹಣ್ಣು, ಎಲ್ಲಾ ರೂಪದಲ್ಲೂ ಸಿಗುತ್ತದೆ. ಶುದ್ಧ ಕ್ರ್ಯಾನ್‌ಬೆರಿ ರಸ ವಿಪರೀತ ಹುಳಿ ಮತ್ತು ಒಗರು, ಬಾಯಲ್ಲಿ ಇಟ್ಟುಕೊಳ್ಳುವುದೇ ಕಷ್ಟ. ಹಾಗಾಗಿ ಮಾರುವ ಪಾನೀಯಗಳಲ್ಲಿ ಹೆಚ್ಚಿನವು ಬರೀ ರಸವಲ್ಲ. ಕಾಲು ಭಾಗದಷ್ಟು ರಸ, ಉಳಿದದ್ದು ನೀರು ಮತ್ತು ಸಕ್ಕರೆ, ಅಥವಾ ಬೇರೆ ಹಣ್ಣಿನ ರಸ. ದಿನಾ ಒಂದೆರಡು ಲೋಟ ತಿಂಗಳುಗಟ್ಟಲೆ ಕುಡಿದರೆ ಹೊಟ್ಟೆಗೆ ಹೋಗುವ ಸಕ್ಕರೆ ಎಷ್ಟಾಯಿತು ನೋಡಿ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಖಂಡಿತ ಒಳ್ಳೆಯದಲ್ಲ. ಅಧ್ಯಯನಗಳಲ್ಲೇ ಎಷ್ಟೋ ಜನ ಜ್ಯೂಸ್ ಕುಡಿಯಲಾರದೆ ಮಧ್ಯದಲ್ಲೇ ಬಿಟ್ಟಿದ್ದಾರೆ. ಒಣಗಿಸಿದ ಹಣ್ಣಿಗೂ ಸಾಮಾನ್ಯವಾಗಿ ಸಕ್ಕರೆ ಹಾಕಿರುತ್ತಾರೆ. ನಾನು ಕ್ಯಾಪ್ಸೂಲ್ ಆರಿಸಿಕೊಂಡೆ.

ಆದರೆ ಕ್ಯಾಪ್ಸೂಲ್ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಸಂಖ್ಯೆಯನ್ನು ನೋಡಿ ಕೊಳ್ಳಬೇಡಿ ದಯವಿಟ್ಟು. 500 ಮಿಲಿಗ್ರಾಂ, ಇನ್ನೊಂದರಲ್ಲಿ ಸಾವಿರಗಟ್ಟಲೆ ಮಿಲಿಗ್ರಾಂ ಅಂತ ಇರುತ್ತದೆ. ಅದು ಹಣ್ಣಿನ ಪುಡಿಯ ತೂಕ ಇರಬಹುದು, ಅಥವಾ ಇಷ್ಟು ತಾಜಾ ಹಣ್ಣಿಗೆ ಸಮ ಅನ್ನುವ ಲೆಕ್ಕ ಇರಬಹುದು. ನೋಡಬೇಕಾದ್ದು ಒಳಗೆ ಪಿಎಸಿ ಎಷ್ಟಿದೆ ಅಂತ. ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸುವ ಪ್ರಮಾಣ ದಿನಕ್ಕೆ 36 ಮಿಲಿಗ್ರಾಂ ಪಿಎಸಿ. ಫ್ರಾನ್ಸ್‌ನ ಆಹಾರ ಸುರಕ್ಷತಾ ಸಂಸ್ಥೆಯೂ 2004ರಲ್ಲಿ ಇದೇ ಪ್ರಮಾಣವನ್ನು ಹೇಳಿತ್ತು. ಎಷ್ಟೋ ಡಬ್ಬಿಗಳ ಮೇಲೆ ಪಿಎಸಿಯ ಮಾತೇ ಇರುವುದಿಲ್ಲ. ಇದ್ದರೂ ಅದನ್ನು ಅಳೆಯುವ ವಿಧಾನಗಳು ಬೇರೆ ಬೇರೆ, ಒಂದು ವಿಧಾನದ 36 ಇನ್ನೊಂದು ವಿಧಾನದ 36ಕ್ಕೆ ಸಮ ಇರುವುದಿಲ್ಲ. ಡಿಮ್ಯಾಕ್ ಅನ್ನುವ ವಿಧಾನದಲ್ಲಿ ಅಳೆದದ್ದು ಅಂತ ಬರೆದಿದ್ದರೆ ಸ್ವಲ್ಪ ನಂಬಬಹುದು. ನಾನು ಡಬ್ಬಿಯ ಹಿಂದಿನ ಸಣ್ಣ ಅಕ್ಷರವನ್ನೆಲ್ಲ ಓದಿ, ಪಿಎಸಿ ಪ್ರಮಾಣ ಸ್ಪಷ್ಟವಾಗಿ ಬರೆದಿರುವುದನ್ನೇ ಹುಡುಕಿ ತೆಗೆದುಕೊಂಡೆ. ಇವು ಔಷಧವಲ್ಲ, ಪೂರಕ ಆಹಾರ ಅಂತ ಮಾರುವಂಥವು, ಔಷಧಕ್ಕೆ ಇರುವಷ್ಟು ಬಿಗಿಯಾದ ತಪಾಸಣೆ ಇವಕ್ಕೆ ಇರುವುದಿಲ್ಲ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಸರ್ಕಾರಿ ಸಂಸ್ಥೆಗಳೂ ಇದರ ಬಗ್ಗೆ ಒಂದೇ ಮಾತು ಹೇಳುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ, ಹಿಂದೆ ಸೋಂಕು ಬಂದಿದ್ದ ಆರೋಗ್ಯವಂತ ಹೆಂಗಸರಿಗೆ ಇದು ನೆರವಾಗಬಹುದು ಅಂತ ಡಬ್ಬಿ ಮೇಲೆ ಬರೆದುಕೊಳ್ಳಲು ಬಿಟ್ಟಿತು. ಆದರೆ ಸಾಕ್ಷ್ಯ ಸೀಮಿತ ಅಂತಲೂ ಜೊತೆಗೇ ಬರೆಯಬೇಕು ಅಂದಿತು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ, ಹಾಗೆ ಹೇಳಿಕೊಳ್ಳಲು ಸಾಕ್ಷ್ಯ ಸಾಲದು ಅಂದಿತ್ತು. ಯಾರಾದರೂ ಇದನ್ನು ನೂರಕ್ಕೆ ನೂರು ಪರಿಹಾರ ಅಂತ ಮಾರಲು ಬಂದರೆ ಇದನ್ನು ನೆನಪಿಡಿ.

ತೆಗೆದುಕೊಳ್ಳಲು ಶುರು ಮಾಡಿದ ಮೇಲೆ ಹೇಳುವಂಥದ್ದು ಜಾಸ್ತಿ ಇಲ್ಲ. ಇದರ ಪರಿಣಾಮ ಗಂಟೆಗಳು ಕಳೆದ ಹಾಗೆ ಇಳಿಯುತ್ತದೆ, ಹಾಗಾಗಿ ಇವತ್ತು ನೆನಪಾಯಿತು ಇವತ್ತು ತೆಗೆದುಕೊಂಡೆ, ನಾಳೆ ಮರೆತೆ ಅಂದರೆ ನಡೆಯುವುದಿಲ್ಲ. ನಾನು ರಾತ್ರಿ ಹಲ್ಲುಜ್ಜುವ ಮೊದಲು ತೆಗೆದುಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಮೊದಮೊದಲು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಸ್ವಲ್ಪ ಎದೆಯುರಿ ಬರುತ್ತಿತ್ತು, ಊಟದ ನಂತರಕ್ಕೆ ಬದಲಾಯಿಸಿದ ಮೇಲೆ ಬರಲಿಲ್ಲ. ಜಾಸ್ತಿ ಪ್ರಮಾಣದಲ್ಲಿ, ಅದರಲ್ಲೂ ಜ್ಯೂಸ್ ಲೀಟರ್‌ಗಟ್ಟಲೆ ಕುಡಿದರೆ ಹೊಟ್ಟೆ ಕೆಡುವುದು, ಭೇದಿ ಆಗುವುದು ಇದೆ. ಅದು ಬಿಟ್ಟರೆ ಹೆಚ್ಚಿನವರಿಗೆ ಇದು ಸುರಕ್ಷಿತವೇ.

ಹೆಚ್ಚಿನವರಿಗೆ ಅಂದೆ, ಎಲ್ಲರಿಗೂ ಅನ್ನಲಿಲ್ಲ. ನನ್ನ ಕ್ಯಾಪ್ಸೂಲ್ ನೋಡಿ ಅಮ್ಮನೂ ಕೇಳಿದರು. ಅವರಿಗೂ ಆಗಾಗ ಉರಿಯ ತೊಂದರೆ ಇದೆ. "ನನಗೂ ಒಂದು ಕೊಡೇ, ಹಣ್ಣೇ ತಾನೇ, ಹಣ್ಣಿನಿಂದ ಏನಾಗುತ್ತೆ?" ಅಂದರು. ಅಮ್ಮ ಹೃದಯದ ಬಡಿತ ಏರುಪೇರಾಗುವ ತೊಂದರೆಗೆ ವಾರ್ಫರಿನ್ ತೆಗೆದುಕೊಳ್ಳುತ್ತಾರೆ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಮಾತ್ರೆ. ನಾನು ಬೇಡಮ್ಮ, ಮೊದಲು ಡಾಕ್ಟರನ್ನು ಕೇಳೋಣ ಅಂದೆ. ಅವರ ಹೃದಯದ ಡಾಕ್ಟರ್ ಬೇಡವೇ ಬೇಡ ಅಂದರು. 2003ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಕ್ರ್ಯಾನ್‌ಬೆರಿ ಜ್ಯೂಸ್ ಕುಡಿಯುತ್ತಿದ್ದ ಕೆಲವು ರೋಗಿಗಳಲ್ಲಿ ವಾರ್ಫರಿನ್ ಪರಿಣಾಮ ಹೆಚ್ಚಾದ ವರದಿಗಳನ್ನು ನೋಡಿ ಎಚ್ಚರಿಕೆ ಕೊಟ್ಟಿತ್ತು. ಪರಿಣಾಮ ಹೆಚ್ಚಾದರೆ ರಕ್ತಸ್ರಾವದ ಅಪಾಯ. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಸಾಮಾನ್ಯ ಪ್ರಮಾಣದಲ್ಲಿ ಅಂಥ ದೊಡ್ಡ ಬದಲಾವಣೆ ಕಂಡಿಲ್ಲ ಅನ್ನುವುದೂ ನಿಜ. ಆದರೆ ಅಮ್ಮನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ) ಟೆಸ್ಟ್ ಸರಿಯಾದ ಮಟ್ಟಕ್ಕೆ ಬಂದು ನಿಲ್ಲಲು ಎಷ್ಟು ಒದ್ದಾಡಿದ್ದೇವೆ ಅಂತ ನನಗೆ ಗೊತ್ತು. ಅದನ್ನು ಅಲುಗಾಡಿಸುವ ಯಾವುದನ್ನೂ ನಾನು ಅವರಿಗೆ ಕೊಡಲಾರೆ. ಅಮ್ಮನಿಗೆ ಅದರ ಬದಲು ಬೇರೆ ದಾರಿ ಸಿಕ್ಕಿತು. ಮುಟ್ಟು ನಿಂತ ನಂತರ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಕಡಿಮೆಯಾಗಿ ಆ ಭಾಗದ ಚರ್ಮ ತೆಳುವಾಗುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ಸೋಂಕು ಹೆಚ್ಚುತ್ತದೆ. ಅದಕ್ಕೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ಹೆಂಗಸರ ಡಾಕ್ಟರ್ ಬರೆದುಕೊಟ್ಟರು. ಆ ವಯಸ್ಸಿನವರು ಇದನ್ನು ಕೇಳಲು ಸಂಕೋಚ ಪಡುತ್ತಾರೆ, ಮಕ್ಕಳಾದ ನಾವೇ ಕೇಳಬೇಕು.

ಕಿಡ್ನಿ ಕಲ್ಲು ಆಗಿದ್ದವರೂ ಜೋಪಾನ. ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್. ಕ್ರ್ಯಾನ್‌ಬೆರಿ ಮಾತ್ರೆ ತೆಗೆದುಕೊಂಡ ಕೆಲವರ ಮೂತ್ರದಲ್ಲಿ ಆಕ್ಸಲೇಟ್ ಹೆಚ್ಚಾದದ್ದು ಒಂದು ಸಣ್ಣ ಅಧ್ಯಯನದಲ್ಲಿ ಕಂಡಿದೆ. ಕೆಲವು ಕ್ಯಾಪ್ಸೂಲ್‌ಗಳಿಗೆ ವಿಟಮಿನ್ ಸಿ ಕೂಡ ಸೇರಿಸಿರುತ್ತಾರೆ, ಜಾಸ್ತಿ ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟ್ ಆಗಿ ಬದಲಾಗುತ್ತದೆ. ಅಷ್ಟೇ ಅಲ್ಲ, ಮೂತ್ರದಲ್ಲಿ ವಿಟಮಿನ್ ಸಿ ಜಾಸ್ತಿ ಇದ್ದರೆ ಪಟ್ಟಿ ಅದ್ದುವ ಟೆಸ್ಟ್‌ನಲ್ಲಿ ನೈಟ್ರೈಟ್ ಇದ್ದರೂ ಇಲ್ಲ ಅಂತ ತೋರಿಸಬಹುದು. ಹಾಗಾಗಿ ಟೆಸ್ಟ್‌ಗೆ ಹೋದಾಗ ಏನೇನು ತೆಗೆದುಕೊಳ್ಳುತ್ತಿದ್ದೀರಿ ಅಂತ ಹೇಳಿ. ಆಸ್ಪಿರಿನ್ ಅಲರ್ಜಿ ಇರುವವರು ಕೇಳಿಕೊಂಡೇ ತೆಗೆದುಕೊಳ್ಳಬೇಕು, ಹಣ್ಣಿನಲ್ಲಿ ಆ ಜಾತಿಯ ಸ್ಯಾಲಿಸಿಲಿಕ್ ಆಮ್ಲ ಇದೆ. ಗರ್ಭಿಣಿಯರಂತೂ ಸೋಂಕಿನ ಅನುಮಾನ ಬಂದರೆ ಮನೆಮದ್ದು ಮಾಡುತ್ತಾ ಕೂರಲೇಬಾರದು. ಅವರಲ್ಲಿ ಸೋಂಕು ಕಿಡ್ನಿಗೆ ಏರುವ ಅಪಾಯ ಜಾಸ್ತಿ, ಉರಿ ಇಲ್ಲದೆ ಬರೀ ಬ್ಯಾಕ್ಟೀರಿಯಾ ಕಂಡರೂ ಚಿಕಿತ್ಸೆ ಕೊಡುತ್ತಾರೆ.

ಕ್ಯಾಪ್ಸೂಲ್ ಜೊತೆ ನಾನು ಬದಲಾಯಿಸಿದ ಇನ್ನೊಂದು ವಿಷಯ ನೀರು. ಮೊದಲು ಟಾಯ್ಲೆಟ್‌ಗೆ ಹೋಗುವ ಕಷ್ಟಕ್ಕೆ ಹೆದರಿ ನೀರೇ ಕಡಿಮೆ ಕುಡಿಯುತ್ತಿದ್ದೆ. 2018ರಲ್ಲಿ ಬಂದ ಅಧ್ಯಯನವೊಂದರಲ್ಲಿ, ನೀರು ಕಡಿಮೆ ಕುಡಿಯುತ್ತಿದ್ದ, ಪದೇಪದೇ ಸೋಂಕು ಬರುತ್ತಿದ್ದ 140 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಾ ಒಂದೂವರೆ ಲೀಟರ್ ಹೆಚ್ಚಿಗೆ ನೀರು ಕುಡಿಯಲು ಹೇಳಿದರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂತು, ಇನ್ನೊಂದು ಗುಂಪಿಗೆ 3.2 ಸಲ. ಬರೀ ನೀರಿನಿಂದ! ಇದನ್ನು ಓದಿದ ದಿನದಿಂದ ನೀರಿನ ಬಾಟಲಿ ಇಲ್ಲದೆ ಮನೆ ಬಿಟ್ಟಿಲ್ಲ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರು ಇಷ್ಟೇ ಅಂತ ಡಾಕ್ಟರ್ ಮಿತಿ ಹಾಕಿದವರು ಮಾತ್ರ ಇದನ್ನು ತಾವಾಗಿಯೇ ಮಾಡಬೇಡಿ. ಡಿ-ಮ್ಯಾನೋಸ್ ಅನ್ನುವ ಒಂದು ಬಗೆಯ ಸಕ್ಕರೆಯ ಪುಡಿಯ ಬಗ್ಗೆಯೂ ಕೆಲವರು ಹೇಳಿದ್ದರು. 2024ರಲ್ಲಿ ಸುಮಾರು 600 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ, ನಾನು ಅದರ ತಂಟೆಗೆ ಹೋಗಲಿಲ್ಲ.

ಹಾಗಾದರೆ ನನಗೆ ಏನಾಯಿತು? ಶುರು ಮಾಡಿದ ಮೇಲೆ ತುಂಬಾ ದಿನ ಏನೂ ಬರಲಿಲ್ಲ. ಎಲ್ಲರಿಗೂ ಹೇಳುವಷ್ಟು ಖುಷಿಯಾಗಿದ್ದೆ. ಆಮೇಲೆ ಒಂದು ಬೆಳಗ್ಗೆ ಅದೇ ಉರಿ, ಅದೇ ಅವಸರ. ಆವತ್ತೇ ಡಾಕ್ಟರ್ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು, ಜ್ವರ ಇದೆಯಾ, ಚಳಿ ನಡುಕ ಬಂತಾ, ಪಕ್ಕೆಯ ಹಿಂದೆ ಸೊಂಟದ ಮೇಲ್ಭಾಗದಲ್ಲಿ ನೋವು ಇದೆಯಾ, ವಾಂತಿ ಆಯಿತಾ ಅಂತ. ಇವು ಸೋಂಕು ಕಿಡ್ನಿಗೆ ಹತ್ತಿದ ಗುರುತುಗಳು, ಇವುಗಳಲ್ಲಿ ಯಾವುದಿದ್ದರೂ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ನನಗೆ ಯಾವುದೂ ಇರಲಿಲ್ಲ. ಕಲ್ಚರ್‌ಗೆ ಸ್ಯಾಂಪಲ್ ಕೊಟ್ಟು ಆಂಟಿಬಯೋಟಿಕ್ ಶುರು ಮಾಡಿದೆ, ಬೇಗ ವಾಸಿಯಾಯಿತು.

"ಅಂದರೆ ಕ್ರ್ಯಾನ್‌ಬೆರಿ ಕೆಲಸ ಮಾಡಲಿಲ್ಲ ಅಲ್ವಾ ಡಾಕ್ಟ್ರೇ?" ಅಂತ ಬೇಜಾರಿನಲ್ಲಿ ಕೇಳಿದೆ.

"ಹಿಂದಿನ ವರ್ಷದ ಫೈಲ್ ತೆಗೀರಿ" ಅಂದರು. ತೆಗೆದು ನೋಡಿದರೆ, ಅದೇ ಅವಧಿಯಲ್ಲಿ ಹಿಂದಿನ ವರ್ಷ ಬಂದದ್ದಕ್ಕಿಂತ ಈ ವರ್ಷ ಸ್ಪಷ್ಟವಾಗಿ ಕಡಿಮೆ. ಅದು ಕ್ಯಾಪ್ಸೂಲ್‌ನಿಂದಲೋ, ನೀರಿನಿಂದಲೋ, ಎರಡೂ ಸೇರಿಯೋ ಅಂತ ಒಬ್ಬಳ ಫೈಲ್ ನೋಡಿ ಹೇಳಲು ಆಗುವುದಿಲ್ಲ ಅಂತಲೂ ಅವರೇ ಅಂದರು. ನನಗೆ ಆ ಮಾತು ಹಿಡಿಸಿತು. ನನಗೆ ಕಡಿಮೆಯಾಯಿತು ಅನ್ನುವುದು ನಿಜ. ಅದರ ಪೂರ್ತಿ ಹೆಸರು ಕ್ರ್ಯಾನ್‌ಬೆರಿಗೇ ಕೊಡುವುದು ನ್ಯಾಯವಲ್ಲ. ಆದರೆ ಆ ಅವಧಿಯಲ್ಲಿ ನುಂಗಬೇಕಾದ ಆಂಟಿಬಯೋಟಿಕ್ ಕಡಿಮೆಯಾಯಿತು, ಹೊಸ ಕಲ್ಚರ್ ರಿಪೋರ್ಟ್‌ನಲ್ಲಿ ಸಾಮಾನ್ಯ ಔಷಧಗಳೆಲ್ಲ ಇನ್ನೂ ಕೆಲಸ ಮಾಡುತ್ತವೆ ಅಂತ ಬಂತು. ಅದನ್ನು ನೋಡಿದಾಗ ಆದ ನೆಮ್ಮದಿ ಸಣ್ಣದಲ್ಲ.

ಕೆಲವು ತಿಂಗಳು ಮುಂದುವರಿಸಿ, ಡಾಕ್ಟರ್ ಹೇಳಿದಂತೆ ಈಗ ಕ್ಯಾಪ್ಸೂಲ್ ನಿಲ್ಲಿಸಿದ್ದೇನೆ. ಇಲ್ಲದೆ ಹೇಗಿರುತ್ತದೆ ಅಂತ ನೋಡಬೇಕಲ್ವಾ, ಜೀವನಪೂರ್ತಿ ನುಂಗಬೇಕು ಅಂತ ಏನೂ ಇಲ್ಲ. ನೀರು ಹಾಗೇ ನಡೆದಿದೆ. ಸಂಭೋಗದ ನಂತರ ಮೂತ್ರ ಮಾಡುವುದು, ಒತ್ತಡ ಬಂದಾಗ ತಡೆದುಕೊಳ್ಳದೆ ಹೋಗುವುದು, ಇವನ್ನೂ ಬಿಟ್ಟಿಲ್ಲ. ಕಲ್ಚರ್‌ಗೆ ಬೇಕಾದ ಚೀಟಿಯನ್ನು ಡಾಕ್ಟರ್ ಮೊದಲೇ ಬರೆದು ಕೊಟ್ಟಿದ್ದಾರೆ, ಉರಿ ಕಾಣಿಸಿದ ದಿನವೇ ನೇರ ಲ್ಯಾಬಿಗೆ ಹೋಗಿ ಸ್ಯಾಂಪಲ್ ಕೊಟ್ಟು ಆಮೇಲೆ ಅವರನ್ನು ನೋಡಬೇಕು. ಮತ್ತೆ ಹೆಚ್ಚಾದರೆ ಕ್ಯಾಪ್ಸೂಲ್ ಪುನಃ ಶುರು ಮಾಡಬೇಕೋ, ಮೆಥನಮೈನ್ ನೋಡಬೇಕೋ ಅನ್ನುವುದನ್ನು ಆಗ ಕೂತು ಮಾತಾಡೋಣ ಅಂದಿದ್ದಾರೆ.